ಹಳೇ ಹಾಡಿಗೆ ಮತ್ತೆ ಕೈ ಹಾಕುವವರ ಪರವಾಗಿ

ರಾಕ್ ಬ್ಯಾಂಡ್‌ಗಳ ಗ್ರೇಟೆಸ್ಟ್ ಹಿಟ್ಸ್ ಆಲ್ಬಂ, ಅಂದರೆ ಜನಪ್ರಿಯ ಹಾಡುಗಳ ಸಂಗ್ರಹ, ಕೇಳುವವರಿಗೆ ಇದು ಗೊತ್ತಿರುವ ವಿಷಯವೇ. ಬಾಯಿಪಾಠ ಆಗಿರುವ ಹಾಡು ಶುರುವಾಗುತ್ತದೆ. ದನಿ ಅದೇ, ಸಾಲು ಅದೇ, ಆದರೂ ಎಲ್ಲೋ ಏನೋ ಬೇರೆ. ಡ್ರಮ್ಸ್ ಮುಂದಕ್ಕೆ ಬಂದಿದೆ, ಗಿಟಾರಿನ ಸುತ್ತ ಇದ್ದ ಗುಂಯ್‌ಗುಡುವಿಕೆ ಮಾಯವಾಗಿದೆ. ಕೂಡಲೇ ಅಭಿಮಾನಿಗಳು ತೀರ್ಪು ಕೊಟ್ಟುಬಿಡುತ್ತಾರೆ: ಇದೆಲ್ಲ ದುಡ್ಡಿಗೋಸ್ಕರ.

ದುಡ್ಡಿನ ಲೆಕ್ಕ ಇದ್ದೇ ಇದೆ, ಇಲ್ಲ ಅನ್ನುವುದಿಲ್ಲ. ಎಲ್ಲ ಆಲ್ಬಂಗಳೂ ಕೈಯಲ್ಲಿರುವ ಅಭಿಮಾನಿ ಅವೇ ಹಾಡುಗಳನ್ನು ಮತ್ತೆ ಕೊಳ್ಳಬೇಕಾದರೆ ಹೊಸದೇನಾದರೂ ಕೊಡಬೇಕು. ಆದರೆ ಅಷ್ಟಕ್ಕೇ ಮಾತು ಮುಗಿಸಿದರೆ ಬ್ಯಾಂಡಿನವರಿಗೆ ಅನ್ಯಾಯ ಮಾಡಿದಂತೆ. ನಾನು ನೋಡುವುದು ಒಂದನ್ನೇ: ಅಂದು ಅರ್ಧಕ್ಕೆ ನಿಂತ ಕೆಲಸವನ್ನು ಮುಗಿಸಲು ರೀಮಿಕ್ಸ್ (ಅಂದು ಮುದ್ರಿಸಿದ ಸದ್ದುಗಳನ್ನೇ ಹೊಸದಾಗಿ ಹೊಂದಿಸುವುದು) ಮಾಡಿದರೋ, ಹಾಡಿನ ವಯಸ್ಸು ಮುಚ್ಚಿಡಲು ಮಾಡಿದರೋ? ಮೊದಲನೆಯದನ್ನು ಮನಸಾರೆ ಒಪ್ಪುತ್ತೇನೆ. ಎರಡನೆಯದು ಮೂಲಕ್ಕಿಂತ ಬೇಗ ಹಳತಾಗುತ್ತದೆ.

ಸ್ಟುಡಿಯೋದಲ್ಲಿ ಡ್ರಮ್ಸ್, ಬೇಸ್, ಗಿಟಾರ್, ದನಿ ಎಲ್ಲ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಇರುತ್ತವೆ. ಯಾವುದು ಎಷ್ಟು ಜೋರು, ಯಾವುದು ಎಡಕ್ಕೆ, ಯಾವುದು ಬಲಕ್ಕೆ, ಯಾವುದಕ್ಕೆ ಎಷ್ಟು ರಿವರ್ಬ್ (ಹಾಲ್‌ನಲ್ಲಿ ಕೇಳುವಂಥ ಗುಂಯ್‌ಗುಡುವಿಕೆ) ಎಂದು ತೀರ್ಮಾನಿಸಿ ಎರಡು ಚಾನೆಲ್‌ಗೆ ಇಳಿಸುವುದೇ ಮಿಕ್ಸ್. ಆ ತೀರ್ಮಾನ ಎಷ್ಟೋ ಸಲ ಗಡಿಬಿಡಿಯಲ್ಲಿ ಆಗುತ್ತದೆ. ಯು2 ಬ್ಯಾಂಡಿನ 'ಪಾಪ್' ಆಲ್ಬಂ ಬಂದದ್ದು 1997ರ ಮಾರ್ಚ್‌ನಲ್ಲಿ, ಅದರ ಬೆನ್ನಿಗೇ ಏಪ್ರಿಲ್‌ನಲ್ಲಿ ಪಾಪ್‌ಮಾರ್ಟ್ ಪ್ರವಾಸ. ಪ್ರವಾಸದ ದಿನಾಂಕಗಳು ಮೊದಲೇ ಗೊತ್ತಾಗಿದ್ದವು, ಹಾಡುಗಳು ಇನ್ನೂ ಅರೆಬೆಂದಿದ್ದವು. ಬ್ಯಾಂಡಿನವರೇ ಆಮೇಲೆ ಇದನ್ನು ಬಾಯಿಬಿಟ್ಟು ಹೇಳಿದ್ದಾರೆ. 2002ರಲ್ಲಿ 1990ರ ದಶಕದ ಹಿಟ್‌ಗಳ ಸಂಗ್ರಹ ತರುವಾಗ 'ಡಿಸ್ಕೊಥೆಕ್', 'ಗಾನ್', 'ಸ್ಟೇರಿಂಗ್ ಅಟ್ ದಿ ಸನ್' ಮೂರಕ್ಕೂ ಹೊಸ ಮಿಕ್ಸ್ ಮಾಡಿಸಿದರು. ಐದು ವರ್ಷದಿಂದ ಮನಸ್ಸಿಗೆ ಚುಚ್ಚುತ್ತಿದ್ದ ಕೆಲಸಕ್ಕೆ ಸಿಕ್ಕ ಅವಕಾಶ ಅದು.

ಪರ್ಲ್ ಜಾಮ್ ಬ್ಯಾಂಡಿನ ಕಥೆಯೂ ಹೆಚ್ಚುಕಮ್ಮಿ ಹೀಗೆಯೇ. 1991ರ 'ಟೆನ್' ಆಲ್ಬಂ ಅನ್ನು ಟಿಮ್ ಪಾಮರ್ ಇಂಗ್ಲೆಂಡಿನಲ್ಲಿ ಮಿಕ್ಸ್ ಮಾಡಿದರು. ದೊಡ್ಡ ಹಾಲ್‌ನಲ್ಲಿ ನುಡಿಸಿದಂತೆ ಎಲ್ಲದಕ್ಕೂ ಧಾರಾಳ ರಿವರ್ಬ್. ಲಕ್ಷಾಂತರ ಜನ ಪ್ರೀತಿಸಿದ್ದು ಅದನ್ನೇ, ಬ್ಯಾಂಡಿಗೆ ಮಾತ್ರ ಸಮಾಧಾನ ಇರಲಿಲ್ಲ. 2004ರ ಹಿಟ್ಸ್ ಸಂಗ್ರಹಕ್ಕೆ ನಿರ್ಮಾಪಕ ಬ್ರೆಂಡನ್ ಓಬ್ರಯನ್ 'ಒನ್ಸ್', 'ಅಲೈವ್', 'ಬ್ಲ್ಯಾಕ್' ಹಾಡುಗಳನ್ನು ರೀಮಿಕ್ಸ್ ಮಾಡಿದರು. 2009ರಲ್ಲಿ ಇಡೀ ಆಲ್ಬಮ್ಮೇ ಅವರ ಕೈಯಲ್ಲಿ ಹೊಸದಾಗಿ ಬಂತು. ಹೆಡ್‌ಫೋನ್ ಹಾಕಿ 'ಬ್ಲ್ಯಾಕ್' ಹಾಡಿನ ಎರಡೂ ಮಿಕ್ಸ್ ಒಂದರ ಹಿಂದೆ ಒಂದು ಕೇಳಿ ನೋಡಿ. ಹಳೆಯದರಲ್ಲಿ ಗಾಯಕ ಎಡ್ಡಿ ವೆಡ್ಡರ್ ದೂರದ ವೇದಿಕೆಯ ಮೇಲಿದ್ದಾರೆ; ಹೊಸದರಲ್ಲಿ ಪಕ್ಕದಲ್ಲೇ ಕೂತಿದ್ದಾರೆ, ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ಆ ಹಾಡಿಗೆ ಹೊಸದೇ ಸರಿ. 'ಅಲೈವ್' ಮಾತ್ರ ನನಗೆ ಹಳೆಯದೇ ಇರಲಿ, ಆ ಗಿಟಾರ್ ಸೋಲೋಗೆ ದೊಡ್ಡ ಹಾಲೇ ಬೇಕು. ಬ್ಯಾಂಡು ಇಲ್ಲಿ ಮಾಡಿದ ಒಳ್ಳೆಯ ಕೆಲಸ ಅಂದರೆ 2009ರಲ್ಲಿ ಎರಡೂ ಮಿಕ್ಸ್‌ಗಳನ್ನು ಜೊತೆಯಾಗಿಯೇ ಕೊಟ್ಟದ್ದು.

ನನ್ನನ್ನು ಇವೆಲ್ಲಕ್ಕಿಂತ ಹೆಚ್ಚು ತಟ್ಟಿದ್ದು ರಶ್ ಬ್ಯಾಂಡಿನ 'ವೇಪರ್ ಟ್ರೇಲ್ಸ್'. ಡ್ರಮ್ಮರ್ ನೀಲ್ ಪಿಯರ್ಟ್ 1997ರಲ್ಲಿ ಮಗಳನ್ನು ರಸ್ತೆ ಅಪಘಾತದಲ್ಲಿ ಕಳೆದುಕೊಂಡರು. ಮರುವರ್ಷ ಹೆಂಡತಿ ಕ್ಯಾನ್ಸರ್‌ನಿಂದ ತೀರಿಕೊಂಡರು. ನಾನಿನ್ನು ಬ್ಯಾಂಡಿನಲ್ಲಿಲ್ಲ ಅಂದುಕೊಳ್ಳಿ ಎಂದು ಗೆಳೆಯರಿಗೆ ಹೇಳಿ, ಮೋಟರ್‌ಸೈಕಲ್ ಹತ್ತಿ ಊರೂರು ಅಲೆದರು. ಅಂಥವರು ಮರಳಿ ಬಂದು ಮಾಡಿದ 2002ರ ಆಲ್ಬಂ ಇದು. ಅದರ ಮೊದಲ ಹಾಡು 'ಒನ್ ಲಿಟಲ್ ವಿಕ್ಟರಿ' ಶುರುವಾಗುವುದೇ ಬರೀ ಡ್ರಮ್ಸ್‌ನಿಂದ. ಅಷ್ಟು ದುಃಖ ನುಂಗಿದ ಮನುಷ್ಯ ಮತ್ತೆ ಕೋಲು ಹಿಡಿದ ಸದ್ದು. ಆದರೆ ಆಗಿನ ಜೋರು ಸದ್ದಿನ ಪೈಪೋಟಿಯಲ್ಲಿ ಆಲ್ಬಂ ಪೂರ್ತಿ ಎಷ್ಟು ಜೋರಾಗಿತ್ತೆಂದರೆ ಸದ್ದು ಸೀಳಿಹೋಗುತ್ತದೆ. ಡ್ರಮ್ಸ್ ಜೊತೆಯ ಲೋಹದ ತಟ್ಟೆಯಾದ ಸಿಂಬಲ್ ಯಾವುದು, ಗಿಟಾರ್ ಯಾವುದು ಗೊತ್ತಾಗುವುದಿಲ್ಲ. ಒಂದು ಹಾಡಿಡೀ ಒಂದೇ ಮಟ್ಟದಲ್ಲಿ ಕಿರುಚಿದರೆ ಡ್ರಮ್ಸ್ ಪೆಟ್ಟಿಗೆ ಬೆಲೆ ಎಲ್ಲಿಂದ ಬರಬೇಕು? 2009ರಲ್ಲಿ 'ರೆಟ್ರೋಸ್ಪೆಕ್ಟಿವ್ 3' ಸಂಗ್ರಹಕ್ಕೆ ಈ ಹಾಡನ್ನೂ 'ಅರ್ತ್‌ಶೈನ್' ಹಾಡನ್ನೂ ರಿಚರ್ಡ್ ಚಿಕಿ ರೀಮಿಕ್ಸ್ ಮಾಡಿದರು. 2013ರಲ್ಲಿ ಡೇವಿಡ್ ಬಾಟ್ರಿಲ್ ಇಡೀ ಆಲ್ಬಂ ಅನ್ನು ಮತ್ತೆ ಮಿಕ್ಸ್ ಮಾಡಿದರು. ಪಿಯರ್ಟ್ ಅಂದು ನಿಜಕ್ಕೂ ಏನು ನುಡಿಸಿದ್ದರು ಅಂತ ಆಗ ಕೇಳಿಸಿತು. ಇಂಥ ಕೆಲಸವನ್ನು ವ್ಯಾಪಾರ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಬೀಟಲ್ಸ್‌ಗೆ ಅಡ್ಡ ಬಂದದ್ದು ಟೇಪು. ಶುರುವಿನ ಹಾಡುಗಳು ಎರಡೇ ಟ್ರ್ಯಾಕ್‌ನಲ್ಲಿ ಮುದ್ರಣವಾಗಿದ್ದವು. ಒಂದರಲ್ಲಿ ವಾದ್ಯಗಳೆಲ್ಲ, ಇನ್ನೊಂದರಲ್ಲಿ ದನಿ. ಸಾಮಾನ್ಯ ರೀತಿಯಲ್ಲಿ ಡ್ರಮ್ಮರ್ ರಿಂಗೋ ಅವರ ಡ್ರಮ್ಸ್ ಒಂದನ್ನೇ ಎತ್ತುವ ದಾರಿಯೇ ಇರಲಿಲ್ಲ. ಸಿನಿಮಾ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ರೂಪಿಸಿದ ತಂತ್ರಜ್ಞಾನ ಕಲಸಿಹೋದ ಸದ್ದುಗಳನ್ನು ಬಿಡಿಸಿ ಕೊಟ್ಟ ಮೇಲೆ, 2023ರಲ್ಲಿ ಹೊದಿಕೆಯ ಬಣ್ಣದಿಂದಲೇ ಕೆಂಪು, ನೀಲಿ ಎಂದು ಕರೆಯುವ ಹಿಟ್ಸ್ ಸಂಗ್ರಹಗಳಿಗೆ ನಿರ್ಮಾಪಕ ಜೈಲ್ಸ್ ಮಾರ್ಟಿನ್ ಹೊಸ ಮಿಕ್ಸ್ ಮಾಡಲು ಸಾಧ್ಯವಾಯಿತು.

ಸಿಂಗಲ್‌ಗಾಗಿ, ಅಂದರೆ ಆಲ್ಬಮ್ಮಿನಿಂದ ಬಿಡಿಯಾಗಿ ಬರುವ ಹಾಡಿಗಾಗಿ, ಮಾಡುವ ಮಿಕ್ಸ್‌ನ ಉದ್ದೇಶ ಬೇರೆ. ಅದು ರೇಡಿಯೋದಲ್ಲಿ, ಕಾರಿನಲ್ಲಿ, ಸಣ್ಣ ಸ್ಪೀಕರಿನಲ್ಲಿ ಕೇಳಬೇಕು, ದನಿ ಮುಂದಿರಬೇಕು. ನಿರ್ವಾಣ ಬ್ಯಾಂಡಿನ 'ಪೆನಿರಾಯಲ್ ಟೀ' ಹಾಡನ್ನು ಮುದ್ರಿಸಿದ ಸ್ಟೀವ್ ಆಲ್ಬಿನಿ ಒರಟಾಗಿಯೇ ಬಿಟ್ಟಿದ್ದರು. 1994ರ ಸಿಂಗಲ್‌ಗಾಗಿ ಸ್ಕಾಟ್ ಲಿಟ್ ಅದನ್ನು ರೀಮಿಕ್ಸ್ ಮಾಡಿದರು. ಬ್ಯಾಂಡಿನ ಗಾಯಕ ಕರ್ಟ್ ಕೋಬೇನ್ ತೀರಿಕೊಂಡ ಮೇಲೆ ಆ ಸಿಂಗಲ್ ಅನ್ನು ಹಿಂದಕ್ಕೆ ತೆಗೆದುಕೊಂಡರು. ಅದೇ ಮಿಕ್ಸ್ 2002ರ ನಿರ್ವಾಣ ಸಂಗ್ರಹದಲ್ಲಿ ಸೇರಿಕೊಂಡಿತು.

ಇನ್ನು ನನಗೆ ಸಿಟ್ಟು ಬರಿಸುವ ಬಗೆ. 1987ರಲ್ಲಿ ಝೀಝೀ ಟಾಪ್ ಬ್ಯಾಂಡಿನ ಹಳೆಯ ಆಲ್ಬಂಗಳು 'ಸಿಕ್ಸ್ ಪ್ಯಾಕ್' ಹೆಸರಿನಲ್ಲಿ ಸಿ.ಡಿ.ಗೆ ಬಂದವು. ಮೂವರು ಒಂದೇ ಕೋಣೆಯಲ್ಲಿ ಕೂತು ನುಡಿಸಿದಂತಿದ್ದ ಒಣ ಬ್ಲೂಸ್‌ಗೆ ಎಂಬತ್ತರ ದಶಕದ ದಢಾರ್ ಡ್ರಮ್ಸ್, ಮೇಲೊಂದಿಷ್ಟು ಎಕೋ. ಅದು ಹಾಗಿರಲಿ. ಆ ಮಿಕ್ಸ್ ಮೂಲದ ಜಾಗವನ್ನೇ ಆಕ್ರಮಿಸಿತು. 'ಟ್ರೆಸ್ ಓಂಬ್ರೆಸ್' ಆಲ್ಬಮ್ಮಿನ 1973ರ ಮಿಕ್ಸ್ ಸಿ.ಡಿ.ಯಲ್ಲಿ ಸಿಗಲು 2006ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಸಿ.ಡಿ. ಮಾತ್ರ ಕೇಳಿದ ಒಂದು ತಲೆಮಾರಿಗೆ ಆ ಬ್ಯಾಂಡಿನ ಹಳೆಯ ಸದ್ದು ಹೇಗಿತ್ತೆಂದೇ ಗೊತ್ತಿರಲಿಲ್ಲ.

'ದಿ ಪೊಲೀಸ್' ಬ್ಯಾಂಡಿನವರು ರೀಮಿಕ್ಸ್ ಬಿಟ್ಟು, ಹಾಡನ್ನೇ ಮತ್ತೆ ಹಾಡಿ ನುಡಿಸುವ ಮರುಮುದ್ರಣಕ್ಕೇ ಹೋದರು. 1986ರಲ್ಲಿ ಮೂವರೂ ಮತ್ತೆ ಸ್ಟುಡಿಯೋಗೆ ಬರುವ ಹೊತ್ತಿಗೆ ಡ್ರಮ್ಮರ್ ಸ್ಟೂವರ್ಟ್ ಕೋಪ್‌ಲ್ಯಾಂಡ್ ಕುದುರೆಯಿಂದ ಬಿದ್ದು ಕತ್ತಿನ ಕೆಳಗಿನ ಎಲುಬು ಮುರಿದುಕೊಂಡಿದ್ದರು. ಯಂತ್ರದಲ್ಲಿ ಡ್ರಮ್ಸ್ ಹಾಕಿ 'ಡೋಂಟ್ ಸ್ಟ್ಯಾಂಡ್ ಸೋ ಕ್ಲೋಸ್ ಟು ಮಿ' ಹಾಡನ್ನು ಹೊಸದಾಗಿ ಮಾಡಿದರು. ಆ ವರ್ಷದ ಸಂಗ್ರಹದಲ್ಲಿ 1980ರ ಮೂಲ ಇರಲಿಲ್ಲ, ಇದೇ ಇತ್ತು. ಇವತ್ತು ಎರಡನ್ನೂ ಕೇಳಿದರೆ 1980ರದ್ದು ಇನ್ನೂ ಚುರುಕಾಗಿದೆ, 1986ರದ್ದು ಆ ವರ್ಷದಲ್ಲೇ ನಿಂತಿದೆ.

ಕಂಪನಿಯ ಹಿಡಿತದಲ್ಲಿರುವ ಹಳೆಯ ಮಾಸ್ಟರ್ (ಮೂಲ ಧ್ವನಿಮುದ್ರಿಕೆ) ಬಿಟ್ಟು ತಮ್ಮದೇ ಮಾಸ್ಟರ್ ಬೇಕೆಂದು ಹಾಡನ್ನು ಮತ್ತೆ ಮುದ್ರಿಸುವವರೂ ಇದ್ದಾರೆ. 2010ರಲ್ಲಿ ಸ್ಕ್ವೀಝ್, 2012ರಲ್ಲಿ ಡೆಫ್ ಲೆಪರ್ಡ್ ಬ್ಯಾಂಡಿನವರು ಹಾಗೆ ಮಾಡಿದರು. ಅದು ಹಕ್ಕಿನ ಜಗಳ, ಅವರ ಪರ ನಾನಿದ್ದೇನೆ.

ನಾನು ಕೇಳುವುದು ಇಷ್ಟೇ. ರೀಮಿಕ್ಸ್ ಮಾಡಿ, ಆದರೆ ಯಾವ ವರ್ಷದ ಮಿಕ್ಸ್, ಯಾರು ಮಾಡಿದ್ದು ಅಂತ ಹಾಡಿನ ಹೆಸರಿನ ಪಕ್ಕದಲ್ಲೇ ಬರೆಯಿರಿ. ಸ್ಟ್ರೀಮಿಂಗ್‌ನಲ್ಲಿ ಹೊಸದನ್ನು ಹಳೆಯ ಹೆಸರಿನಲ್ಲೇ ಕೂರಿಸಿ ಮೂಲವನ್ನು ಸದ್ದಿಲ್ಲದೆ ತೆಗೆದುಹಾಕಿದರೆ ಕೇಳುಗನಿಗೆ ಗೊತ್ತಾಗುವ ದಾರಿಯೇ ಇಲ್ಲ. ಎರಡೂ ಇರಲಿ, ಯಾವುದನ್ನು ಕೇಳಬೇಕೆಂದು ನಾವು ಆರಿಸಿಕೊಳ್ಳುತ್ತೇವೆ.