ಕೊಡವಿಕೊಂಡೇ ಬಂದೆ!

ಹಾಸಿಗೆ, ಅಡುಗೆ ಎಲ್ಲ ಒಳಗೇ ಇರುವ ಕ್ಯಾಂಪರ್ ವ್ಯಾನಿನಲ್ಲಿ ನಿಲ್ಲಲು ಇರುವ ಜಾಗ ಒಂದು ಚಾಪೆ ಹಾಸಿದರೆ ಮುಗಿಯಿತು. ಅಷ್ಟನ್ನೇ ಬೆಳಗ್ಗೆಯಿಂದ ಏಳನೇ ಸಲ ಗುಡಿಸಿ, ಪೊರಕೆ ಇನ್ನೂ ಮೂಲೆ ಸೇರಿರುವುದಿಲ್ಲ, ಬಾಗಿಲಲ್ಲಿ ಒಂದು ಜೊತೆ ಒದ್ದೆ ಕಾಲು. ಹಿಮ್ಮಡಿಯಿಂದ ಮೊಣಕಾಲಿನವರೆಗೆ ಮರಳಿನ ಕಾಲುಚೀಲ. ಕೇಳುವ ಮೊದಲೇ ಉತ್ತರ: "ಕೊಡವಿಕೊಂಡೇ ಬಂದೆ!"

ಚಳಿಗಾಲ ಕಳೆಯಲು ಕಡಲತೀರಕ್ಕೆ ವ್ಯಾನ್ ಓಡಿಸುವ ಪ್ರತಿ ತಂಡದಲ್ಲೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಕೊಡವಿಯೇ ಇರುತ್ತಾರೆ. ಎಡಗಾಲು ಎರಡು ಸಲ, ಬಲಗಾಲು ಒಂದೂವರೆ ಸಲ. ಆದರೆ ಒದ್ದೆ ಮರಳಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಕಣಕ್ಕೂ ಚರ್ಮಕ್ಕೂ ನಡುವೆ ನೀರಿನ ತೆಳು ಪದರ ಅಂಟಿನಂತೆ ಕೂತಿರುತ್ತದೆ. ಕೊಡವಿದರೆ ಉದುರುವುದು ಮೇಲಿನ ಮುದ್ದೆ ಮಾತ್ರ. ಉಳಿದದ್ದು ಉದುರಬೇಕಾದರೆ ಕಾಲು ಒಣಗಬೇಕು. ಕಾಲು ಒಣಗುವುದು ಎಲ್ಲಿ? ಹಾಸಿಗೆಯ ಮೇಲೆ, ಆರಾಮಾಗಿ ಚಾಚಿಕೊಂಡು ಮೊಬೈಲ್ ನೋಡುವಾಗ.

"ತೊಳೆದುಕೊಂಡಾದರೂ ಬನ್ನಿ" ಎಂದರೆ ಅದೂ ಆಗುತ್ತದೆ. ವ್ಯಾನಿನ ಹಿಂಬದಿಯ ಶವರಿನಲ್ಲಿ ನಿಂತು ಚೊಕ್ಕಟವಾಗಿ ತೊಳೆಯುತ್ತಾರೆ. ಆಮೇಲೆ ಅದೇ ಒದ್ದೆ ಕಾಲಲ್ಲಿ ಮರಳಿನ ಮೇಲೆ ನಾಲ್ಕು ಹೆಜ್ಜೆ ಹಾಕಿ ಪಕ್ಕದ ಬಾಗಿಲಿಗೆ ಬರುತ್ತಾರೆ. ಇದಕ್ಕೆ ಏನನ್ನಬೇಕು? ಆ ಶವರ್ ನಿಮಿಷಕ್ಕೆ ನಾಲ್ಕು ಲೀಟರ್ ಕುಡಿಯುವಂಥದ್ದಾದರೆ, 60 ಲೀಟರ್ ಟ್ಯಾಂಕು ಹದಿನೈದೇ ನಿಮಿಷದ ಬಾಳು. ಅಡುಗೆ, ಪಾತ್ರೆ, ಮುಖ ಎಲ್ಲಕ್ಕೂ ಅದೇ ನೀರು.

ಕೆಲಸಕ್ಕೆ ಬರುವ ಉಪಾಯ ಇಷ್ಟೇ: ಬಾಗಿಲ ಮೆಟ್ಟಿಲ ಬುಡದಲ್ಲೇ ಎರಡು ಲೀಟರ್ ನೀರಿನ ಟಬ್. ಹೊಸ್ತಿಲ ಮೇಲೆ ಕೂತು, ಕಾಲು ಹೊರಗೇ ಬಿಟ್ಟು ಟಬ್ಬಿನಲ್ಲಿ ಅದ್ದಬೇಕು, ಅಲ್ಲೇ ಒರೆಸಿ, ನೆಲ ಮುಟ್ಟಿಸದೆ ಒಳಗೆ ಎಳೆದುಕೊಳ್ಳಬೇಕು. ನೀರಿಲ್ಲವೇ, ಟಾಲ್ಕಂ ಪೌಡರ್ ಉದುರಿಸಿ ಉಜ್ಜಿ. ಅದು ತೇವ ಹೀರಿದ ಕೂಡಲೇ ಮರಳು ತಾನಾಗಿ ಜಾರುತ್ತದೆ. ನಮ್ಮ ಮಹಾಶಯರ ಕೈಗೆ ಡಬ್ಬಿ ಕೊಟ್ಟರೆ ಮಾತ್ರ ಒಳಗೆಲ್ಲ ಬಿಳಿ ಹೆಜ್ಜೆ ಮೂಡುತ್ತದೆ, ಹಬ್ಬಕ್ಕೆ ಕೃಷ್ಣನನ್ನು ಕರೆದ ಹಾಗೆ.

ಜಾರುಬಾಗಿಲಿನದು ಬೇರೆಯೇ ಗೋಳು. ಎಲ್ಲರ ಕಾಲಿನದೂ ಉದುರಿ ಸೇರುವುದು ಅದರ ಕೆಳಗಿನ ಹಳಿಗೆ. ಮೂರನೇ ದಿನಕ್ಕೆ ಬಾಗಿಲು ಹಲ್ಲು ಕಡಿಯಲು ಶುರು. ಆಗ ಯಾರೋ ಬುದ್ಧಿವಂತರು ಎಣ್ಣೆ ಬಿಡುತ್ತಾರೆ. ದಯವಿಟ್ಟು ಬೇಡ! ಎಣ್ಣೆಗೆ ಮರಳು ಕೂಡಿದರೆ ಅದು ಸಾಣೆ ಹಿಡಿಯುವ ಲೇಪ, ಉರುಳೆಯನ್ನೇ ತಿಂದುಹಾಕುತ್ತದೆ. ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ (ಹಳೆಯದೇ ಹೌದಾ, ಕೇಳಿಕೊಳ್ಳಿ) ಹಳಿ ಕೆದಕಿ, ವ್ಯಾಕ್ಯೂಮಿನಲ್ಲಿ ಎಳೆದು, ಒಣ ಸಿಲಿಕೋನ್ ಸ್ಪ್ರೇ ಒಂದೇ ಸಲ ಹೊಡೆದರೆ ಸಾಕು.

ಗಟ್ಟಿ ನೆಲದಲ್ಲಿ ನಿಲ್ಲಿಸಿದ್ದರೆ ಈ ಪಾಡು ಅರ್ಧ ಕಡಿಮೆ, ನಿಜ. ಆದರೆ ಚಳಿಗೆ ಹೆದರಿದ ಊರೆಲ್ಲ ಇಲ್ಲೇ ಬಂದಿರುವಾಗ ಗಟ್ಟಿ ನೆಲ ಸಿಗುವುದು ಬೆಳಗ್ಗೆಯೇ ಬಂದವರಿಗೆ. ತಡವಾದವರಿಗೆ ಸಡಿಲು ಮರಳಿನ ಅಂಚು. ಅಲ್ಲಿ ಚಕ್ರ ಹೂತರೆ ಆಕ್ಸಿಲರೇಟರ್ ಒತ್ತಬೇಡಿ, ಒತ್ತಿದಷ್ಟೂ ಗುಂಡಿ ಆಳ. ಟೈರಿನ ಗಾಳಿ ಸ್ವಲ್ಪ ಇಳಿಸಿ, ಚಕ್ರದ ಹಿಂದಿನ ಮರಳು ತೋಡಿ, ಹಲಗೆ ಕೊಟ್ಟು, ಬಂದ ಗೀರಿನಲ್ಲೇ ನಿಧಾನ ಹಿಂದಕ್ಕೆ. ಡಾಂಬರು ಸಿಕ್ಕ ಮೇಲೆ ವೇಗ ಹಿಡಿಯುವ ಮೊದಲು ಗಾಳಿ ತುಂಬಿಸಿ. ನೀರಿನ ಅಂಚಿನ ಒದ್ದೆ ಮರಳು ಗಟ್ಟಿಯಿದೆಯಲ್ಲ ಎಂದು ಅಲ್ಲಿ ನಿಲ್ಲಿಸುವವರೂ ಇದ್ದಾರೆ. ಇಳಿತದಿಂದ ಭರತಕ್ಕೆ ಸುಮಾರು ಆರು ಗಂಟೆ. ಅಷ್ಟರೊಳಗೆ ಎಚ್ಚರವಾದರೆ ಪುಣ್ಯ.

ಇಷ್ಟೆಲ್ಲ ಕಾವಲು ಕಾದರೂ ಬಿಸಿಲೇರಿ ನೆಲ ಕಾದಂತೆ ಕಡಲಗಾಳಿ ಏಳುತ್ತದೆ. ತೆರೆದಿಟ್ಟ ಎಲ್ಲ ಕಿಟಕಿಯಿಂದಲೂ ಮರಳು ಒಳಗೆ. ಕೊಡವಿಕೊಂಡೇ ಬಂದೆ ಎನ್ನುವ ಸೌಜನ್ಯವೂ ಗಾಳಿಗಿಲ್ಲ. ಮರಳಿ ಮರಳಿ ಬರುವುದಕ್ಕೇ ಇದಕ್ಕೆ ಮರಳು ಎಂದರೋ ಏನೋ. ಗುಡಿಸುವವರ ಸ್ಥಿತಿ ಹೇಳಬೇಕಾದರೆ ಒಂದು ಕೊಂಬು ಕೊಟ್ಟರಾಯಿತು: ಮರುಳು.

ರಾತ್ರಿ ಗಾಳಿ ತಗ್ಗುತ್ತದೆ. ಮಲಗಿದವರ ಉಸಿರಿನ ತೇವ ಗಾಜಿನ ಮೇಲೆ ಹನಿಗಟ್ಟದಿರಲೆಂದು ಚಾವಣಿಯ ಕಿಂಡಿಯನ್ನು ಎರಡು ಬೆರಳಷ್ಟು ತೆರೆದಿರುತ್ತೀರಿ. ಅಲ್ಲಿಂದ ಒಂದಿಷ್ಟು ನಕ್ಷತ್ರ, ಒಂದಿಷ್ಟು ಅಲೆಯ ಸದ್ದು. ಚಳಿಗಾಲದ ಉದ್ದ ರಾತ್ರಿ. ಮನೆಯ ದೊಡ್ಡ ಕೋಣೆಗಳಲ್ಲಿ ಒಬ್ಬೊಬ್ಬರು ಒಂದೊಂದು ಮೂಲೆ ಹಿಡಿಯುವವರು ಇಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಮಲಗಿದ್ದಾರೆ. ನಾಡಿದ್ದು ಹೊರಡಬೇಕಲ್ಲ ಎನ್ನಿಸಿ ಮಗ್ಗುಲಾಗುತ್ತೀರಿ.

ಕರ ಕರ.

ಹಾಸಿಗೆಯ ತುಂಬ. ಎದ್ದು ಕೂತು, ದೀಪ ಹಾಕಿ, ಹೊದಿಕೆ ಎತ್ತುವಷ್ಟರಲ್ಲಿ ಪಕ್ಕದಿಂದ ನಿದ್ದೆಗಣ್ಣಿನ ದನಿ:

"ಕೊಡವಿಕೊಂಡೇ..."