ಲಾಕ್ ಬೇಡದಾಗ ಇರತ್ತೆ, ಬೇಕಾದಾಗ ಇರಲ್ಲ

ಶೇರ್ಡ್ ಫೋಲ್ಡರಿನ ಎಕ್ಸೆಲ್ ಫೈಲು ತೆರೆದೆ. "ಬೇರೆಯವರು ಬಳಸುತ್ತಿದ್ದಾರೆ, ಓದಲು ಮಾತ್ರ" ಅಂತ ಬಂತು. ಯಾರಪ್ಪಾ ಅಂತ ಸರ್ವರಿನಲ್ಲಿ, ತೆರೆದ ಫೈಲುಗಳು ಯಾರ ಕೈಯಲ್ಲಿವೆ ಅಂತ ತೋರಿಸುವ ಎಸ್‌ಎಂಬಿಸ್ಟೇಟಸ್ ಓಡಿಸಿ ನೋಡಿದರೆ, ಅರ್ಧ ಗಂಟೆ ಹಿಂದೆಯೇ ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದ ಸಹೋದ್ಯೋಗಿ! ವೈಫೈ ಕಡಿದದ್ದು ಸರ್ವರಿಗೆ ಗೊತ್ತೇ ಆಗಿಲ್ಲ. ಅವರ ಹೆಸರಿನಲ್ಲಿ ಒಂದು ಸಾಂಬಾ (ಲಿನಕ್ಸ್ ಸರ್ವರಿನ ಫೋಲ್ಡರನ್ನು ವಿಂಡೋಸಿಗೆ ಹಂಚುವ ತಂತ್ರಾಂಶ) ಪ್ರೊಸೆಸ್ ಫೈಲನ್ನು ಬಿಗಿಯಾಗಿ ಹಿಡಿದು ಕೂತಿದೆ. ಅದನ್ನು ಕಿಲ್ ಮಾಡಿ ನನ್ನ ಕೆಲಸ ಶುರು ಮಾಡಬೇಕು. ವಾರಕ್ಕೆ ಮೂರು ಸಲ ಇದೇ ಗೋಳು.

ಹೋಗಲಿ, ಅಷ್ಟು ಬಿಗಿ ಇದ್ದರೆ ಡೇಟಾ ಆದರೂ ಭದ್ರ ಅಂದುಕೊಳ್ಳಬಹುದು ಅಲ್ವಾ? ಅದೂ ಇಲ್ಲ.

ಅದೇ ಫೈಲನ್ನು ಲಿನಕ್ಸ್ ಕಡೆಯಿಂದ ನನ್ನ ಒಂದು ಸ್ಕ್ರಿಪ್ಟ್ ಅಪ್‌ಡೇಟ್ ಮಾಡುತ್ತದೆ. ಜವಾಬ್ದಾರಿಯಿಂದ, ಇಡೀ ಫೈಲಿಗೆ ಬೀಗ ಹಾಕುವ ಎಫ್‌ಲಾಕ್ ಹಾಕಿಯೇ ಬರೆದಿದ್ದೆ. ಆದರೆ ಯುನಿಕ್ಸಿನಲ್ಲಿ ಲಾಕ್ ಅಂದರೆ ಬರೀ ಮರ್ಯಾದೆಯ ಮಾತು. ಕೇಳುವವರು ಕೇಳುತ್ತಾರೆ, ಕೇಳದವರು ಸೀದಾ ಬರೆದುಬಿಡುತ್ತಾರೆ. ವಿಂಡೋಸಿನಲ್ಲಿ ಫೈಲು ತೆರೆಯುವಾಗಲೇ "ಬೇರೆ ಯಾರೂ ಬರೆಯಬಾರದು" ಅಂತ ತಡೆ ಹಾಕಬಹುದು. ಸಾಂಬಾ ಆ ತಡೆಯನ್ನು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ನನ್ನ ಸ್ಕ್ರಿಪ್ಟ್ ಆ ಪುಸ್ತಕ ಯಾಕೆ ಓದುತ್ತೆ? ಇನ್ನು ಬೈಟ್ ಲೆಕ್ಕದ (ಫೈಲಿನ ಒಂದು ಭಾಗಕ್ಕೆ ಹಾಕುವ) ಲಾಕುಗಳನ್ನು ಸಾಂಬಾ ಯುನಿಕ್ಸಿನ ಇನ್ನೊಂದು ಲಾಕ್ ವಿಧಾನವಾದ ಎಫ್‌ಸಿಎನ್‌ಟಿಎಲ್ ಮೂಲಕ ಹಾಕುತ್ತದೆ. ಲಿನಕ್ಸಿನ ಸ್ವಂತ ಡಿಸ್ಕಿನ ಮೇಲೆ ಎಫ್‌ಲಾಕಿಗೂ ಅದಕ್ಕೂ ಮುಖ ಪರಿಚಯವೇ ಇಲ್ಲ. ಒಂದೇ ಕರ್ನಲ್ಲು, ಎರಡು ಲಾಕು, ಒಂದರದ್ದು ಇನ್ನೊಂದಕ್ಕೆ ಗೊತ್ತಿಲ್ಲ!

ಮೊನ್ನೆ ಆದದ್ದು ಕೇಳಿ. ಸ್ಕ್ರಿಪ್ಟ್ ಫೈಲು ತೆರೆದು, ಲಾಕ್ ಹಾಕಿ, ಓದುತ್ತಿತ್ತು. ಆ ಹೊತ್ತಿಗೇ ಯಾರೋ ಎಕ್ಸೆಲ್ಲಿನಲ್ಲಿ ಸೇವ್ ಒತ್ತಿದರು. ಎಕ್ಸೆಲ್ ಹಳೆ ಫೈಲಿಗೆ ಬರೆಯುವುದಿಲ್ಲ. ಹೊಸ ಫೈಲು ಮಾಡಿ ಅದಕ್ಕೆ ಹಳೆ ಹೆಸರಿಡುತ್ತದೆ, ಹಳೆಯದನ್ನು ಅಳಿಸುತ್ತದೆ. ಪಾಪ ನನ್ನ ಸ್ಕ್ರಿಪ್ಟ್! ಹೆಸರೇ ಇಲ್ಲದ ಇನೋಡಿಗೆ (ಡಿಸ್ಕಿನಲ್ಲಿ ಹೆಸರಿನ ಹಿಂದಿರುವ ಅಸಲಿ ಫೈಲಿಗೆ) ಲಾಕ್ ಹಾಕಿಕೊಂಡು ಅಚ್ಚುಕಟ್ಟಾಗಿ ಎಲ್ಲಾ ಸಾಲುಗಳನ್ನು ಬರೆದು ಮುಚ್ಚಿತು. ಮುಚ್ಚಿದ ಕೂಡಲೇ ಎಲ್ಲಾ ಮಾಯ. ಲಾಗ್‌ನಲ್ಲಿ ಮಾತ್ರ "ಯಶಸ್ವಿ" ಅಂತ ಇದೆ.

ಯಾರನ್ನು ಕೇಳಿದರೂ ಒಂದೇ ಸಲಹೆ: "ಆಪ್‌ಲಾಕ್ ಆಫ್ ಮಾಡಿ." ಅದು, ಫೈಲಿನ ನಕಲನ್ನು ತನ್ನ ಬಳಿಯೇ ಇಟ್ಟುಕೊಳ್ಳಲು (ಕ್ಯಾಶ್) ಕ್ಲೈಂಟಿಗೆ, ಅಂದರೆ ಬಳಕೆದಾರರ ಕಂಪ್ಯೂಟರಿಗೆ, ಸರ್ವರ್ ಕೊಡುವ ಅನುಮತಿ. ಮಾಡಿದೆ ಸ್ವಾಮಿ. ಕ್ಲೈಂಟಿನ ಕ್ಯಾಶ್ ಹೋಯಿತು, ಎಲ್ಲರ ಫೋಲ್ಡರೂ ಆಮೆಯಾಯಿತು. ಮೇಲಿನ ಎರಡೂ ತೊಂದರೆ ಇದ್ದಲ್ಲೇ ಇವೆ, ಯಾಕಂದರೆ ಅವು ಆಪ್‌ಲಾಕಿನವೇ ಅಲ್ಲ. ಈಗ "ಸರ್ವರ್ ಯಾಕೆ ಇಷ್ಟು ನಿಧಾನ" ಅಂತ ಬೈಸಿಕೊಳ್ಳುವುದೂ ನಾನೇ. ಮೊನ್ನೆ ಹಾಳಾದ ಸಾಲುಗಳನ್ನು ಕೈಯಲ್ಲಿ ಟೈಪ್ ಮಾಡೋಣ ಅಂತ ಫೈಲು ತೆರೆದರೆ, ಮತ್ತೆ ಓದಲು ಮಾತ್ರವಂತೆ.