ಮೀಸೆ ಗಂಡೋ ಹೆಣ್ಣೋ

ಎದುರು ಮನೆಯವರು ಲಿಫ್ಟಿನಲ್ಲಿ ಸಿಕ್ಕಾಗಲೆಲ್ಲ ನನ್ನ ಮಗಳ ಬಗ್ಗೆ ಕೇಳುತ್ತಾರೆ. ಹೇಗಿದ್ದಾಳೆ ಅಂತಲ್ಲ. "ಈ ಸಲ ಏನು ಕಟ್ಟಿಸಿದ್ರಿ ಸಾರ್?" ಅಂತ.

ಅವರ ಮಗ ಮ್ಯಾತ್ಸ್ ಒಲಿಂಪಿಯಾಡ್ ಕಟ್ಟಿದ್ದಾನೆ. ಅಬ್ಯಾಕಸ್ ಆಗಿದೆ. ಕೀಬೋರ್ಡಿನಲ್ಲಿ ಯಾವುದೋ ಗ್ರೇಡು ನಡೀತಿದೆ. ಆ ಹುಡುಗ ಲಿಫ್ಟಿನ ಮೂಲೆಯಲ್ಲಿ ಬ್ಯಾಗು ಹೊತ್ತು ನೆಲ ನೋಡುತ್ತಾ ನಿಂತಿರುತ್ತಾನೆ. ಅವನಿಗೆ ಬಂದಿರುವ ಚಿನ್ನದ ಪದಕಗಳೆಷ್ಟೋ. ಅವನ ಕ್ಲಾಸಿನಲ್ಲಿ ಚಿನ್ನದ ಪದಕ ಇಲ್ಲದ ಮಗು ಇದೆಯೇ ಅಂತ ಕೇಳಬೇಕು ಅನ್ನಿಸುತ್ತದೆ, ಕೇಳುವುದಿಲ್ಲ. ನಮ್ಮದು ನಾಲ್ಕನೇ ಮಹಡಿ. ಇನ್ನೊಂದೆರಡು ಮಹಡಿ ಜಾಸ್ತಿ ಇದ್ದಿದ್ದರೆ ನಾನು ಮೆಟ್ಟಿಲಲ್ಲೇ ಓಡಾಡುತ್ತಿದ್ದೆ.

ಮೊನ್ನೆ ಇಳಿದು ಹೋಗುವಾಗ ಒಂದು ಫಾರಂ ಕೈಗಿಟ್ಟರು. ಹಿಂದಿ ಪರೀಕ್ಷೆಯದ್ದು. "ಸ್ಕೂಲಲ್ಲಿ ಕಲಿಸೋದು ಸಾಕಾಗಲ್ಲ ಸಾರ್. ಮುಂದೆ ಉಪಯೋಗಕ್ಕೆ ಬರುತ್ತೆ."

ನನಗೆ ಮೈ ಉರಿಯಿತು. "ಮುಂದೆ ಉಪಯೋಗಕ್ಕೆ ಬರುತ್ತೆ" ಅಂತ 1989ರಲ್ಲಿ ಅಮ್ಮನೂ ಹೇಳಿದ್ದರು.

ಈ 'ಕಟ್ಟುವುದು' ನೋಡಿ. ಶಾಲೆಯ ಪರೀಕ್ಷೆಯನ್ನು ನಾವು ಬರೆಯುತ್ತೇವೆ. ಹೊರಗಿನದಾದರೆ ಕಟ್ಟುತ್ತೇವೆ. ಎಸ್‌ಎಸ್‌ಎಲ್‌ಸಿಯಲ್ಲಿ ಡುಮ್ಕಿ ಹೊಡೆದವನೂ ಪ್ರೈವೇಟಾಗಿ ಕಟ್ಟುತ್ತಾನೆ. ಫೀಸು ಕಟ್ಟುವುದರಿಂದ ಬಂದ ಮಾತಿರಬೇಕು, ಆದರೆ ನನಗೆ ಮಾತ್ರ ಅದು ಯಾವಾಗಲೂ ಬುತ್ತಿ ಕಟ್ಟಿದ ಹಾಗೆ ಕೇಳಿಸುತ್ತದೆ. ಅರಸೀಕೆರೆಯ ನಮ್ಮ ಬೀದಿಯಲ್ಲಿ ಏನನ್ನೂ ಕಟ್ಟದ ಮನೆಯೇ ಇರಲಿಲ್ಲ. ಟೈಪಿಂಗ್ ಜೂನಿಯರ್, ಶಾರ್ಟ್‌ಹ್ಯಾಂಡ್, ಸಂಗೀತ ಜೂನಿಯರ್, ಡ್ರಾಯಿಂಗ್ ಲೋಯರ್. ಪಕ್ಕದ ಮನೆಯ ಅಕ್ಕ ಕನ್ನಡ ಸಾಹಿತ್ಯ ಪರಿಷತ್ತಿನ ಪರೀಕ್ಷೆ ಕಟ್ಟಿದ್ದರು. ಅದರ ಮೆಟ್ಟಿಲುಗಳ ಹೆಸರೇ ಚೆಂದ. ಕಾವ, ಜಾಣ, ರತ್ನ. "ಜಾಣ ಫೇಲಾದವರನ್ನು ಏನಂತ ಕರೀತಾರೆ ಅಕ್ಕಾ?" ಅಂತ ಕೇಳಿ ತಲೆಗೆ ಮೊಟಕಿಸಿಕೊಂಡಿದ್ದೆ.

ನನ್ನ ಪಾಲಿಗೆ ಬಂದದ್ದು ಹಿಂದಿ. 1918ರಲ್ಲಿ ಗಾಂಧೀಜಿ ಮದ್ರಾಸಿನಲ್ಲಿ ದಕ್ಷಿಣದವರಿಗೆ ಹಿಂದಿ ಕಲಿಸುವ ಕೆಲಸ ಶುರು ಮಾಡಿಸಿದಾಗ ಮೊದಲ ಮೇಷ್ಟರಾಗಿ ಹೋದದ್ದು ಅವರ ಸ್ವಂತ ಮಗ ದೇವದಾಸ. ಹಿಂದಿಗೆ ಮನೆಮಕ್ಕಳನ್ನು ದೂಡುವ ಸಂಪ್ರದಾಯ ಅಷ್ಟು ಹಳೆಯದು. ಆಮೇಲೆ ಪರೀಕ್ಷೆಗಳ ಏಣಿ ಬೆಳೆಯಿತು. ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ವಿಶಾರದ, ಪ್ರವೀಣ. ಮೈಸೂರು ಹಿಂದಿ ಪ್ರಚಾರ ಪರಿಷತ್ತಿನದು ಇನ್ನೊಂದು ಏಣಿ, ಅದರ ತುದಿಯಲ್ಲೂ ಒಂದು ರತ್ನ ಇದೆ. ನಾನು ಹತ್ತಿದ್ದು ಮಧ್ಯಮಾವರೆಗೆ. ಅಲ್ಲಿಂದ ಇಳಿದುಬಿಟ್ಟೆ. ಇಳಿಯುವುದಕ್ಕೆ ಮೀಸೆ ಕಾರಣ.

ಕನ್ನಡದಲ್ಲಿ ಬೆಳೆದವನಿಗೆ ಲಿಂಗ ಒಂದು ಸಮಸ್ಯೆಯೇ ಅಲ್ಲ. ಗಂಡಸು ಅವನು, ಹೆಂಗಸು ಅವಳು, ಮಿಕ್ಕಿದ್ದೆಲ್ಲ ಅದು. ಕುರ್ಚಿ ಅದು, ಫ್ಯಾನು ಅದು, ಉಪ್ಪಿಟ್ಟು ಅದು. ಹಿಂದಿಯಲ್ಲಿ ಕುರ್ಚಿ ಹೆಣ್ಣು, ಫ್ಯಾನು ಗಂಡು. ಇಡ್ಲಿ ಹೆಣ್ಣು, ದೋಸೆ ಗಂಡು. ಗಂಡಸರು ಉಡುವ ಧೋತಿ ಹೆಣ್ಣು, ಹೆಂಗಸರು ತೊಡುವ ಬ್ಲೌಸು ಗಂಡು, ಮಂಗಳಸೂತ್ರವೂ ಗಂಡು. ಇದನ್ನು ಯಾರು ಕೂತು ಹಂಚಿದರು? ರಾಮ ರೊಟ್ಟಿ ತಿಂದ ಅನ್ನಬೇಕಾದರೆ ತಿಂದದ್ದು ರಾಮನಾದರೂ ಕ್ರಿಯಾಪದ ಹೋಗಿ ರೊಟ್ಟಿಯ ಕೈ ಹಿಡಿಯುತ್ತದೆ. ನಮ್ಮ ಹಿಂದಿ ಮೇಡಂ ಜಗಲಿಯ ಮೇಲೆ ಚಾಪೆ ಹಾಸಿ ಇದನ್ನೆಲ್ಲ ಬಾಯಿಪಾಠ ಮಾಡಿಸುತ್ತಿದ್ದರು. ಎದುರಿನ ಬಯಲಲ್ಲಿ ಮಿಕ್ಕ ಹುಡುಗರು ಕ್ರಿಕೆಟ್ ಆಡುತ್ತಿದ್ದರು. ಚೆಂಡು ಹೆಣ್ಣು, ಬ್ಯಾಟು ಗಂಡು.

ಪರೀಕ್ಷೆ ಆಗಸ್ಟಿನ ಒಂದು ಭಾನುವಾರ. ಸೆಂಟರು ಹಾಸನದ ಒಂದು ಹೈಸ್ಕೂಲು. ಜಿಟಿಜಿಟಿ ಮಳೆಯಲ್ಲಿ ಬೆಳಗಿನ ಬಸ್ಸಿಗೆ ಒಬ್ಬನೇ ಹೋದೆ. ಹದಿಮೂರು ವರ್ಷ. ಜೇಬಿನಲ್ಲಿ ಹಾಲ್ ಟಿಕೆಟ್ಟು, ವಾಪಸ್ ಬರುವ ಚಾರ್ಜು, ಎರಡು ಪೆನ್ನು. ಶಾಲೆಯ ಪರೀಕ್ಷೆಯಲ್ಲಿ ಎಲ್ಲರೂ ಒಂದೇ ವಯಸ್ಸಿನವರು ಅಲ್ವಾ? ಇಲ್ಲಿ ಹಾಗಲ್ಲ. ಮುಂದಿನ ಬೆಂಚಿನಲ್ಲಿ ಬಕ್ಕತಲೆಯವರೊಬ್ಬರಿದ್ದರು. ನನ್ನ ಪಕ್ಕದಲ್ಲಿ ಸುಮಾರು ಮೂವತ್ತೈದರ ಹೆಂಗಸು. ಒದ್ದೆಯಾದ ಸೆರಗು, ಮಡಿಲಲ್ಲಿ ಕರ್ಚೀಫು. ಬೆಲ್ಲಾಗುವ ಮುಂಚೆ ಅರಿಶಿನ ಹಚ್ಚಿದ್ದ ಹಾಲ್ ಟಿಕೆಟ್ಟನ್ನು ಕಣ್ಣಿಗೊತ್ತಿಕೊಂಡರು. ಇದು ಪಾಸಾದರೆ ಮುಂದಿನದ್ದು, ಅದೂ ಪಾಸಾದರೆ ಯಾವುದೋ ಶಾಲೆಯಲ್ಲಿ ಟೀಚರ್ ಕೆಲಸ ಕೊಡುತ್ತೇವೆ ಅಂದಿದ್ದಾರಂತೆ. ಅಷ್ಟನ್ನೂ ನನಗೆ ಹೇಳಿ ಮುಗಿಸಿದ್ದರು.

ಅರ್ಧ ಗಂಟೆ ಆಗಿರಬೇಕು. ವಾಕ್ಯ ಶುದ್ಧ ಮಾಡುವ ಪ್ರಶ್ನೆ. 'ಉಸ್‌ಕಾ ಮೂಂಛ್ ಲಂಬಾ ಹೈ.' ಅವನ ಮೀಸೆ ಉದ್ದವಾಗಿದೆ. ತಪ್ಪು ತಿದ್ದಿ ಬರೆಯಬೇಕು.

ಪಕ್ಕದಿಂದ ಪಿಸುಮಾತು ಬಂತು. "ಮಗಾ, ಮೀಸೆ ಗಂಡೋ ಹೆಣ್ಣೋ?"

ಆ ವಯಸ್ಸು ಎಂಥದ್ದು ಅಂತ ಗಂಡುಮಕ್ಕಳಿಗೆ ಗೊತ್ತು. ನನ್ನ ಮೇಲ್ದುಟಿಯ ಮೇಲೆ ಆ ಬೇಸಿಗೆಯಿಂದ ಒಂದು ಹೊಗೆಬಣ್ಣದ ಗೆರೆ ಕಾಣಿಸಿಕೊಂಡಿತ್ತು. ದಿನಾ ಅಪ್ಪನ ಶೇವಿಂಗ್ ಕನ್ನಡಿಯಲ್ಲಿ ಅದನ್ನು ಪರೀಕ್ಷಿಸಿ ನೋಡುತ್ತಿದ್ದೆ. ನನಗೆ ಯಾವ ಅನುಮಾನವೂ ಬರಲಿಲ್ಲ.

"ಗಂಡು," ಅಂದೆ.

"ಹಂಗಾದ್ರೆ ಇದ್ರಲ್ಲಿ ತಪ್ಪೆಲ್ಲಿದೆ?"

ಇಬ್ಬರೂ ಬಗ್ಗಿ ನೋಡಿದೆವು. ಗಂಡು ಅಂದಮೇಲೆ ತಪ್ಪೇ ಇಲ್ಲ. "ಪ್ರಿಂಟಿಂಗ್ ಮಿಸ್ಟೇಕು," ಅಂತ ತೀರ್ಪು ಕೊಟ್ಟೆ. ಆಕೆ ವಾಕ್ಯವನ್ನು ಇದ್ದ ಹಾಗೇ ದುಂಡಗೆ ನಕಲು ಮಾಡಿದರು. ನಾನೂ ಮಾಡಿದೆ. ಸೂಪರ್‌ವೈಸರ್ ಡೆಸ್ಕಿಗೆ ಸ್ಕೇಲು ಕುಟ್ಟಿ, "ಅಲ್ಲಿ ಏನ್ರೀ ಅದು ಮಾತು, ಚಿಕ್ಕ ಹುಡುಗನ್ನ ಕೆಡಿಸ್ತಿದ್ದೀರಾ?" ಅಂದರು. ಆಕೆಯ ಮುಖ ಕೆಂಪಾಯಿತು. ಹಾಗಲ್ಲ ಅಂತ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಹೊರಗೆ ಬಂದರೆ ಬೇವಿನ ಮರದ ಕೆಳಗೆ ಆಕೆಯ ಗಂಡ ಕೂಸನ್ನೆತ್ತಿಕೊಂಡು ಕೊಡೆ ಹಿಡಿದು ನಿಂತಿದ್ದರು. ಅವರ ಮೀಸೆ ನೋಡಬೇಕಿತ್ತು. ಎರಡು ಕಡೆ ತಿರುವಿ, ಎಣ್ಣೆ ಹಚ್ಚಿ, ಮಳೆ ಹನಿ ನಿಲ್ಲಿಸಿಕೊಂಡ ಮೀಸೆ. ಕೂಸು ಅದನ್ನೇ ಹಿಡಿದು ಎಳೆಯುತ್ತಿತ್ತು. "ನಂಗೂ ಇವರದ್ದು ನೆನೆಸಿಕೊಂಡ್ರೆ ಗಂಡೇ ಇರಬೇಕು ಅನ್ನಿಸ್ತು ಮಗಾ," ಅಂತ ಆಕೆ ನಕ್ಕು, ಪೊಟ್ಟಣ ಬಿಚ್ಚಿ ಒಂದು ಕೊಬ್ಬರಿ ಮಿಠಾಯಿ ಕೊಟ್ಟರು. ತಿಂದುಕೊಂಡೇ ಬಸ್ ಸ್ಟ್ಯಾಂಡಿಗೆ ನಡೆದೆ.

ಮಾರನೇ ದಿನ ಮೇಡಂ ಪ್ರಶ್ನೆಪತ್ರಿಕೆ ನೋಡಿ ಹಣೆ ಚಚ್ಚಿಕೊಂಡರು. ಮೂಂಛ್ ಸ್ತ್ರೀಲಿಂಗವಂತೆ. ಗಡ್ಡವೂ ಸ್ತ್ರೀಲಿಂಗವಂತೆ. ಪೊಲೀಸೂ, ಫೌಜೂ ಸ್ತ್ರೀಲಿಂಗವಂತೆ.

ನಾನು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದೆ. ಆಕೆಯ ನಂಬರು ನನ್ನದಾದ ಮೇಲಿನದ್ದು, ಆದರೆ ಮೇಡಂ ಹತ್ತಿರ ಬಂದದ್ದು ಅವರ ಹುಡುಗರ ರಿಸಲ್ಟ್ ಮಾತ್ರ. ಅದೇನೂ ದೊಡ್ಡ ಪ್ರಶ್ನೆಯಲ್ಲ, ಒಂದೇ ಮಾರ್ಕಿನದ್ದು. ಆದರೆ ಒಂದು ಮಾರ್ಕಿನಲ್ಲಿ ಹೋದವರೂ ಇರುತ್ತಾರಲ್ಲ. ಈಗಲೂ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ದಪ್ಪ ಮೀಸೆಯ ವಯಸ್ಸಾದವರನ್ನು ಕಂಡರೆ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡುತ್ತೇನೆ. ಅಮ್ಮ ರಾಷ್ಟ್ರಭಾಷಾ ಕಟ್ಟು ಅಂದಾಗ ಹೊಟ್ಟೆನೋವು ಅಂದೆ. ಮುಂದಿನ ಫೆಬ್ರವರಿಗೂ ಅದೇ ಹೊಟ್ಟೆನೋವು.

ಫಾರಂ ಫ್ರಿಜ್ಜಿನ ಮೇಲಿದೆ. ನಿನ್ನೆ ಮಗಳು ಓದಿ, "ಅಪ್ಪಾ, ನೀನೂ ಇದನ್ನ ಕಟ್ಟಿದ್ಯಂತೆ? ಎಷ್ಟು ಬಂತು?" ಅಂದಳು. ಅಜ್ಜಿ ಫೋನಿನಲ್ಲಿ ಹೇಳಿರಬೇಕು. ಹಾಲು ಉಕ್ಕುತ್ತೆ ಅಂತ ಎದ್ದು ಹೋದೆ. ಒಲೆ ಹಚ್ಚಿರಲೇ ಇಲ್ಲ.

ಲಾಸ್ಟ್ ಡೇಟ್ ನಾಳೆ. ದಂಡ ಸಮೇತ ಕಟ್ಟುವುದಾದರೆ ಇನ್ನೂ ಹತ್ತು ದಿನ ಇದೆಯಂತೆ. ಅಲ್ಲಿಯವರೆಗೆ ಮೆಟ್ಟಿಲಲ್ಲೇ ಓಡಾಡುತ್ತಿದ್ದೇನೆ.